ಸ್ಕೋರ್ ಹೇಳುವ ಗಂಟಲು ಯಾವೂರದು?

ಹುಣಸೂರು: ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕೂ ಕಡೆ ಹೊನಲು ಬೆಳಕಿನ ಕಬಡ್ಡಿ ಅಂದರೆ ಆಟಗಾರನಷ್ಟೇ ಮೈಕ್‌ನವನೂ ಮುಖ್ಯ. ರಾತ್ರಿ ಎಂಟಕ್ಕೆ ಮೈಕ್ ಹಿಡಿದವನು ಕೋಳಿ ಕೂಗುವವರೆಗೂ ಬಿಡುವ ಹಾಗಿಲ್ಲ. ರೈಡ್ ಹೋದವನು ಯಾರು, ಯಾವೂರಿನವನು, ಹಿಡಿದವನು ಯಾರು, ಪಾಯಿಂಟ್ ಎಷ್ಟು, ನಡುವೆ ಐನೂರು ರೂಪಾಯಿ ಕೊಟ್ಟ ದಾನಿಗಳ ಹೆಸರು, ದಾರಿಗಡ್ಡ ನಿಲ್ಲಿಸಿದ ಬೈಕು ತೆಗೀರಪ್ಪ ಅನ್ನುವ ಕೂಗು... ಎಲ್ಲವೂ ಒಂದೇ ಉಸಿರಿನಲ್ಲಿ. ಮೈಕ್‌ನವನು ಚೆನ್ನಾಗಿದ್ದರೆ ಜನ ಮನೆಗೆ ಹೋಗಲ್ಲ. ಇದು ಟೂರ್ನಮೆಂಟ್ ನಡೆಸುವ ಯುವಕ ಸಂಘದವರಿಗೆಲ್ಲ ಗೊತ್ತಿರುವ ಮಾತು.

ಇಷ್ಟಾಗಿಯೂ ಅವನಿಗೆ ಸಿಗುವುದು ಒಂದು ಹಾರ, ಒಂದು ಶಾಲು, ಕೈಗೆ ಅಷ್ಟೋ ಇಷ್ಟೋ ಕಾಸು. ಬೆಳಗಾದರೆ ಮತ್ತೆ ಹೊಗೆಸೊಪ್ಪಿನ ಹೊಲ, ಇಲ್ಲವೇ ಅಂಗಡಿ, ಆಟೋ. ಆಟವನ್ನು ಕಣ್ಣಿಗೆ ಕಟ್ಟುವ ಹಾಗೆ ಹೇಳಬಲ್ಲ ಇಂಥ ಗಂಟಲಿಗೆ ರೇಡಿಯೋ ದಾರಿ ಯಾಕಿಷ್ಟು ದೂರ? ಇದನ್ನು ತಿಳಿಯಬೇಕಾದರೆ ಇದುವರೆಗೆ ಆ ಮೈಕ್ ಹಿಡಿದವರ ಜಾತಕ ಒಮ್ಮೆ ಬಿಚ್ಚಿ ನೋಡಬೇಕು.

ದೊರೆಮಕ್ಕಳು, ಡಾಕ್ಟರು, ಮೇಷ್ಟ್ರು

ನಮ್ಮ ದೇಶದಲ್ಲಿ ಕ್ರಿಕೆಟ್ ವೀಕ್ಷಕ ವಿವರಣೆಗೆ ನಾಂದಿ ಹಾಡಿದವರು ಬೊಂಬಾಯಿನ ಎ.ಎಫ್.ಎಸ್. ತಲ್ಯಾರ್‌ಖಾನ್. 1934ರ ಮಾತದು. ಬೆಳಗಿನಿಂದ ಸಂಜೆವರೆಗೆ ಒಬ್ಬರೇ ಮಾತಾಡುತ್ತಿದ್ದರಂತೆ. ಜೊತೆಗೆ ಇನ್ನೊಬ್ಬರನ್ನು ಕೂರಿಸುತ್ತೇವೆ ಅಂದಾಗ, 1948-49ರ ಸುಮಾರಿಗೆ, ನನ್ನ ಮೈಕ್ ಹಂಚಿಕೊಳ್ಳಲಾರೆ ಅಂತ ಎದ್ದೇ ಹೋದರು. ಆ ಗತ್ತು ಎಲ್ಲರಿಗೂ ನಡೆಯುವುದಿಲ್ಲ ಬಿಡಿ.

ಇನ್ನೊಬ್ಬರು ವಿಜಯನಗರಂ ರಾಜಮನೆತನದ ವಿಜ್ಜಿ. 1936ರಲ್ಲಿ ಭಾರತ ತಂಡದ ನಾಯಕರಾಗಿ ಇಂಗ್ಲೆಂಡಿಗೆ ಹೋಗಿ, ಲಾಲಾ ಅಮರನಾಥರನ್ನು ನಡುದಾರಿಯಲ್ಲೇ ವಾಪಸು ಕಳಿಸಿದ ಮಹಾನುಭಾವರು. ಆಮೇಲೆ ಅವರೂ ರೇಡಿಯೋ ಮುಂದೆ ಬಂದು ಕೂತರು. ಬ್ಯಾಟಿನಲ್ಲಿ ಆಡಿದ್ದಕ್ಕಿಂತ ಬಾಯಲ್ಲಿ ಆಡಿದ್ದೇ ಹೆಚ್ಚು ಅನ್ನಬೇಕು.

ಆನಂತರ ಬಂದವರು ಓದಿ ಕೆಲಸದಲ್ಲಿದ್ದವರು. ನರೋತ್ತಮ್ ಪುರಿ ಕಿವಿ-ಮೂಗು-ಗಂಟಲು ಡಾಕ್ಟರು. ಅವರ ತಂದೆ ದೇವರಾಜ್ ಪುರಿಯೂ ವೀಕ್ಷಕ ವಿವರಣೆಗಾರರೇ. ಹಿಂದಿಯ ರವಿ ಚತುರ್ವೇದಿ ದಿಲ್ಲಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. 2012ರಲ್ಲಿ ಪದ್ಮಶ್ರೀ ಬಂತು. ಇಂದೋರಿನ ಸುಶೀಲ್ ದೋಶಿ ಓದಿದ್ದು ಇಂಜಿನಿಯರಿಂಗ್. 2016ರಲ್ಲಿ ಅವರಿಗೂ ಪದ್ಮಶ್ರೀ. ಅವರ ಊರಿನ ಹೋಳ್ಕರ್ ಸ್ಟೇಡಿಯಂನ ಕಾಮೆಂಟರಿ ಬಾಕ್ಸಿಗೆ ಅವರದೇ ಹೆಸರಿಟ್ಟಿದ್ದಾರೆ. ಇವರೆಲ್ಲರಿಗೂ ಹೊಟ್ಟೆಪಾಡು ಬೇರೆ, ಮೈಕ್ ಬೇರೆ. ಮ್ಯಾಚ್ ಇದ್ದಾಗ ರಜೆ ಹಾಕಿ ಹೋಗಿ ಮಾತಾಡುವುದು, ಮುಗಿದ ಮೇಲೆ ಮತ್ತೆ ಕೆಲಸಕ್ಕೆ ಹಾಜರು.

ಉರ್ದು ಓದಿ ಹಿಂದಿ ಮಾತಾಡಿದವರು

ಇವರ ನಡುವೆ ಜಸ್‌ದೇವ್ ಸಿಂಗ್ ಕಥೆ ಬೇರೆ. ರಾಜಸ್ಥಾನದ ಒಂದು ಸಣ್ಣ ಊರಿನ ಹುಡುಗ. ಓದಿದ್ದು ಉರ್ದುವಿನಲ್ಲಿ. 1948ರಲ್ಲಿ ಗಾಂಧೀಜಿಯ ಅಂತಿಮ ಯಾತ್ರೆಯನ್ನು ಮೆಲ್ವಿಲ್ ಡಿ ಮೆಲ್ಲೋ ಗಂಟೆಗಟ್ಟಲೆ ಇಂಗ್ಲಿಷಿನಲ್ಲಿ ವರ್ಣಿಸಿದ್ದನ್ನು ರೇಡಿಯೋದಲ್ಲಿ ಕೇಳಿ, ನಾನು ಇದನ್ನೇ ಹಿಂದಿಯಲ್ಲಿ ಮಾಡ್ತೀನಿ ಅಂತ ತಾಯಿಗೆ ಹೇಳಿದರಂತೆ. ಆಕಾಶವಾಣಿಯ ಮೊದಲ ಪರೀಕ್ಷೆಯಲ್ಲಿ ಡುಮ್ಕಿ. ಬಿಡಲಿಲ್ಲ. 1955ರಲ್ಲಿ ಜೈಪುರ ಕೇಂದ್ರಕ್ಕೆ ಸೇರಿಕೊಂಡರು. ಮುಂದೆ ಒಂಬತ್ತು ಒಲಿಂಪಿಕ್ಸ್, ಎಂಟು ಹಾಕಿ ವಿಶ್ವಕಪ್. 1985ರಲ್ಲಿ ಪದ್ಮಶ್ರೀ, 2008ರಲ್ಲಿ ಪದ್ಮಭೂಷಣ. 2018ರಲ್ಲಿ ತೀರಿಕೊಂಡರು.

1975ರ ಮಾರ್ಚ್ 15ರಂದು ಕ್ವಾಲಾಲಂಪುರದಲ್ಲಿ ಪಾಕಿಸ್ತಾನವನ್ನು 2-1ರಿಂದ ಸೋಲಿಸಿ ಭಾರತ ಹಾಕಿ ವಿಶ್ವಕಪ್ ಗೆದ್ದಾಗ ದೇಶಕ್ಕೆ ಸುದ್ದಿ ಮುಟ್ಟಿಸಿದ್ದು ಇದೇ ಗಂಟಲು. ಆ ತಂಡದಲ್ಲಿ ಬಿ.ಪಿ. ಗೋವಿಂದ ಇದ್ದರು. ಸೋಮವಾರಪೇಟೆಯವರು. ಪಿರಿಯಾಪಟ್ಟಣದಿಂದ ಕುಶಾಲನಗರ ದಾಟಿದರೆ ಅವರ ಊರಿನ ದಾರಿ. ಅಂದರೆ ಆಡಿದವನು ನಮ್ಮ ಪಕ್ಕದ ಮನೆಯವನು, ಹೇಳಿದವನು ಮಾತ್ರ ರಾಜಸ್ಥಾನದವನು. ಕನ್ನಡಕ್ಕೆ ಅಲ್ಲಿ ಕುರ್ಚಿ ಇರಲಿಲ್ಲ.

ಮೈಸೂರೇ ಮುಂದೆ, ಆದರೂ...

ಹಾಗಂತ ರೇಡಿಯೋ ನಮಗೆ ಹೊಸದಲ್ಲ. ಮಹಾರಾಜ ಕಾಲೇಜಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರಲ್ಲೇ ಮೈಸೂರಿನ ತಮ್ಮ ಮನೆಯಲ್ಲಿ ರೇಡಿಯೋ ಸ್ಟೇಷನ್ ಹಚ್ಚಿದವರು. 'ಆಕಾಶವಾಣಿ' ಅನ್ನುವ ಹೆಸರು ಇಲ್ಲಿಂದಲೇ ದೇಶಕ್ಕೆಲ್ಲ ಹೋಯಿತು. 1955ರಲ್ಲಿ ಸ್ಟೇಷನ್ ಬೆಂಗಳೂರಿಗೆ ಹೋಯಿತು. ಮೈಸೂರಿಗೆ ಮತ್ತೆ ಕೇಂದ್ರ ಬಂದದ್ದು 1974ರಲ್ಲಿ. ಅದೇ ವರ್ಷ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಮೊದಲ ಟೆಸ್ಟ್ ನಡೆಯಿತು. ವೆಸ್ಟ್ ಇಂಡೀಸಿನ ರಿಚರ್ಡ್ಸ್, ಗ್ರೀನಿಜ್ ಇಬ್ಬರಿಗೂ ಅದೇ ಮೊದಲ ಟೆಸ್ಟ್. ಕನ್ನಡದ ನೆಲದಲ್ಲಿ ನಡೆದ ಆಟವನ್ನೂ ಹುಣಸೂರಿನವರು ಕೇಳಬೇಕಾಗಿದ್ದು ಇಂಗ್ಲಿಷು, ಹಿಂದಿಯಲ್ಲೇ. ಒಬ್ಬರು ಇಂಗ್ಲಿಷು, ಆಮೇಲೆ ಒಬ್ಬರು ಹಿಂದಿ, ಹೀಗೆ ಸರದಿ.

ಹಿಂದಿ ಬಾರದ ಹಿರಿಯರಿಗೂ ಅದು ಅಡ್ಡಿಯಾಗಲಿಲ್ಲ ಅನ್ನಿ. ಜನರ ಗದ್ದಲ ಏರಿದರೆ ಫೋರು, ಒಮ್ಮೆಲೇ ಎದ್ದು ನಿಂತರೆ ಔಟು. ವಿಶ್ವನಾಥ್, ಪ್ರಸನ್ನ, ಚಂದ್ರಶೇಖರ್ ಹೆಸರು ಬಂದರೆ ಸಾಕು, ಹೋಟೆಲಿನ ರೇಡಿಯೋ ಮುಂದೆ ಜನ ಎದೆಯುಬ್ಬಿಸುತ್ತಿದ್ದರು. ಆಟ ತಿಳಿದವನೊಬ್ಬ ಪಕ್ಕದಲ್ಲಿ ಕನ್ನಡಕ್ಕೆ ಇಳಿಸಿ ಹೇಳುತ್ತಿದ್ದ. ಸಂಬಳವಿಲ್ಲದ ವೀಕ್ಷಕ ವಿವರಣೆಗಾರ ಅವನೇ.

ಕನ್ನಡದ ವೀಕ್ಷಕ ವಿವರಣೆ ಅಂದ ಕೂಡಲೇ ಈ ಸೀಮೆಯವರಿಗೆ ನೆನಪಾಗುವುದು ಕ್ರಿಕೆಟ್ಟಲ್ಲ, ದಸರಾ. ಜಂಬೂಸವಾರಿಯನ್ನು ಕಣ್ಣಾರೆ ನೋಡಲು ಹೋಗಲಾಗದವರು ಮನೆಯಲ್ಲಿ ಕೂತು ಆಕಾಶವಾಣಿಯಲ್ಲಿ ಆನೆ, ಅಂಬಾರಿ, ಪೊಲೀಸ್ ಬ್ಯಾಂಡನ್ನು ಕೇಳಿಯೇ ನೋಡಿದರು. ಮೆರವಣಿಗೆಯನ್ನು ಅಷ್ಟು ಸೊಗಸಾಗಿ ಹೇಳಲು ಬರುವ ಭಾಷೆಗೆ ಗೂಗ್ಲಿ ಹೇಳಲು ಬರುವುದಿಲ್ಲವೇ?

ಬರುತ್ತದೆ ಅಂತ ತೋರಿಸಿದ್ದು ಟಿ.ವಿ. 2018ರ ಐ.ಪಿ.ಎಲ್.ನಲ್ಲಿ ಕನ್ನಡ ವಿವರಣೆ ಬಂತು. ಮೈಕ್ ಹಿಡಿದವರಲ್ಲಿ ವಿಜಯ್ ಭಾರದ್ವಾಜ್ ಒಬ್ಬರು. 1999ರಲ್ಲಿ ನೈರೋಬಿಯಲ್ಲಿ ಆಡಿದ ಮೊದಲ ಸರಣಿಯಲ್ಲೇ ಸರಣಿಶ್ರೇಷ್ಠ ಆದವರು. ಆಮೇಲೆ 3 ಟೆಸ್ಟ್, 10 ಏಕದಿನಕ್ಕೆ ಭಾರತ ತಂಡದ ಲೆಕ್ಕ ಮುಗಿಯಿತು. ಸುಜಿತ್ ಸೋಮಸುಂದರ್ ಇನ್ನೊಬ್ಬರು. 1996ರಲ್ಲಿ 2 ಏಕದಿನ ಆಡಿದವರು. ಆಟ ಬಲ್ಲವರು, ಮಾತೂ ಬಲ್ಲವರು. ಆದರೆ ಇದರಿಂದ ಒಂದು ವಿಷಯ ಸ್ಪಷ್ಟ. ರೇಡಿಯೋ ಕಾಲದಲ್ಲಿ ಮೈಕ್ ಸಿಗಲು ಇಂಗ್ಲಿಷೋ ಹಿಂದಿಯೋ ಬೇಕಿತ್ತು, ಟಿ.ವಿ. ಕಾಲದಲ್ಲಿ ರಣಜಿ ಟೋಪಿ ಬೇಕು. ಕಬಡ್ಡಿ ಕೋರ್ಟಿನ ಹುಡುಗನ ಬಳಿ ಎರಡೂ ಇಲ್ಲ.

ಡಿಗ್ರಿ ಎಂಬ ಗೇಟು

ಸರಿ, ಆಕಾಶವಾಣಿಗೇ ಹೋಗಲಿ ಅಂದರೆ? ತಾತ್ಕಾಲಿಕ ಉದ್ಘೋಷಕರಿಗೆ ಅರ್ಜಿ ಕರೆದಾಗ ಸಾಮಾನ್ಯವಾಗಿ ಪದವಿ ಕೇಳುತ್ತಾರೆ. ಲಿಖಿತ ಪರೀಕ್ಷೆ, ಧ್ವನಿ ಪರೀಕ್ಷೆ ಆಮೇಲಿನ ಮಾತು. ಎಸ್ಸೆಸ್ಸೆಲ್ಸಿಗೆ ನಿಂತವನ ಗಂಟಲನ್ನು ಯಾರೂ ಕೇಳುವುದೇ ಇಲ್ಲ. ಉಚ್ಚಾರಣೆ ತಿದ್ದಬಹುದು, 'ಹ'ಕಾರ 'ಅ'ಕಾರ ಸರಿಮಾಡಬಹುದು. ಆದರೆ ಎಂಟು ಗಂಟೆ ಜನರನ್ನು ಕೂರಿಸುವ ವಿದ್ಯೆಯನ್ನು ಯಾವ ಕಾಲೇಜು ಕಲಿಸುತ್ತದೆ?

ಇನ್ನೊಂದು ಬಾಗಿಲು ನಮ್ಮ ಕಡೆಯೇ ಇದೆ. ಸರಗೂರಿನಿಂದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್‌ನವರ ಸಮುದಾಯ ರೇಡಿಯೋ 'ಜನಧ್ವನಿ' 2012ರಲ್ಲಿ 90.8ರಲ್ಲಿ ಶುರುವಾಯಿತು. ಆಗ ಸರಗೂರು ಎಚ್.ಡಿ. ಕೋಟೆ ತಾಲ್ಲೂಕಿನಲ್ಲೇ ಇತ್ತು. ಹಾಡಿಯವರು, ರೈತರು, ಹೆಣ್ಣುಮಕ್ಕಳು ತಮ್ಮ ಮಾತಿನಲ್ಲೇ ಮಾತಾಡಲಿ ಅಂತಲೇ ಇಂಥ ರೇಡಿಯೋ ಇರುವುದು. ಇನ್ನು ಖಾಸಗಿ ಎಫ್.ಎಂ.ಗಳಿಗೆ ಸುದ್ದಿ ಹೇಳಲು ಕಟ್ಟುಪಾಡು ಇದ್ದರೂ, ಸ್ಥಳೀಯ ಮಟ್ಟದ ಆಟಗಳ ನೇರ ವಿವರಣೆ ಕೊಡಬಹುದು ಅಂತ ಕೇಂದ್ರ ಸರ್ಕಾರದ 2011ರ ನೀತಿಯಲ್ಲೇ ಬರೆದಿದೆ. ದೊಡ್ಡ ಕ್ರಿಕೆಟ್ಟಿನ ಹಕ್ಕಿಗೆ ಕೋಟಿ ಕೋಟಿ ಸುರಿಯಬೇಕು. ಕಂಪಲಾಪುರದ ಕಬಡ್ಡಿಗೆ, ಚುಂಚನಕಟ್ಟೆ ಕಡೆಯ ಕುಸ್ತಿಗೆ ಅಂಥ ಹಕ್ಕಿನ ರಗಳೆ ಏನಿದೆ? ಮೈಕ್ ಇದೆ, ಗಂಟಲು ಇದೆ, ಕೇಳುವವರಂತೂ ಕೋರ್ಟಿನ ಸುತ್ತ ಕಂಬಳಿ ಹೊದ್ದು ಕೂತೇ ಇದ್ದಾರೆ. ಬರಬೇಕಾಗಿರುವುದು ರೇಡಿಯೋದವರು.