‘ನಮ್ಮ ವಂಶದಲ್ಲಿ ಇಲ್ಲದ ಕಾಯಿಲೆ’



ಒಂದು ಸಂಘದ ವಾರದ ಸಭೆಯಲ್ಲಿ ಉಳಿತಾಯ ಕಟ್ಟಿ ಎಲ್ಲರೂ ಹೊರಟರೂ ಒಬ್ಬ ತಂಗಿ ಏಳಲಿಲ್ಲ. ಮಡಿಲಲ್ಲಿ ಎರಡು ವರ್ಷದ ಮಗು, ಮೈಯೆಲ್ಲಾ ಬಿಳಿಚಿಕೊಂಡಿತ್ತು. ಥಲಸ್ಸೀಮಿಯಾ ಕಾಯಿಲೆ, ತಿಂಗಳಿಗೊಮ್ಮೆ ರಕ್ತ ಹಾಕಿಸಬೇಕು. “ನಮ್ಮ ವಂಶದಲ್ಲಿ ಇಲ್ಲದ ಕಾಯಿಲೆ ನಿನ್ನಿಂದ ಬಂತು ಅಂತ ಅತ್ತೆ ದಿನಾ ಅಂತಾರೆ ಸಿಸ್ಟರ್” ಎಂದು ಅತ್ತಳು. ಅವಳ ಗಂಡ ಸ್ವಂತ ಸೋದರಮಾವ. ಹಾಗಾದರೆ ಆ ಅತ್ತೆ ಯಾರು? ಅವಳ ತಾಯಿಯ ತಾಯಿ, ಸ್ವಂತ ಅಜ್ಜಿ! ಮತ್ತೆ ತಪ್ಪು ಯಾರದು?

ಯಾರದೂ ಅಲ್ಲ. ಹೇಗೆಂದು ನೋಡೋಣ.

ಬಣ್ಣ, ಎತ್ತರ, ರಕ್ತದ ಗುಂಪು ಇವೆಲ್ಲ ವಂಶವಾಹಿ ಅಂದರೆ ಜೀನ್‌ಗಳ ಮೂಲಕ ಬರುತ್ತವೆ. ಇವು ಜೋಡಿಯಾಗಿರುತ್ತವೆ. ಒಂದು ತಾಯಿ ಕೊಟ್ಟದ್ದು, ಇನ್ನೊಂದು ತಂದೆ ಕೊಟ್ಟದ್ದು. ಇದನ್ನು ಮೊದಲು ಕಂಡುಕೊಂಡವರು ಮಠದಲ್ಲಿದ್ದ ಗುರು ಗ್ರೆಗರ್ ಮೆಂಡೆಲ್. ಅವರು ಎತ್ತರದ ಬಟಾಣಿ ಗಿಡಕ್ಕೂ ಗಿಡ್ಡ ಗಿಡಕ್ಕೂ ತಳಿ ಕೂಡಿಸಿದಾಗ ಬಂದ ಗಿಡಗಳೆಲ್ಲ ಎತ್ತರವೇ. ಆದರೆ ಅವುಗಳ ಬೀಜ ಬಿತ್ತಿದಾಗ ಸುಮಾರು ನಾಲ್ಕಕ್ಕೆ ಒಂದು ಗಿಡ್ಡ ಗಿಡ ಹುಟ್ಟಿತು. ಗುಣ ಹೋಗಿರಲಿಲ್ಲ, ಅಡಗಿತ್ತು. 1866ರಲ್ಲಿ ಅವರು ಇದನ್ನು ಬರೆದು ಪ್ರಕಟಿಸಿದರು.

ಥಲಸ್ಸೀಮಿಯಾವೂ ಹೀಗೆಯೇ. ಜೋಡಿಯಲ್ಲಿ ಒಂದು ಮಾತ್ರ ದೋಷವಿದ್ದರೆ ಆ ವ್ಯಕ್ತಿ ‘ವಾಹಕ’. ಅವರು ಆರೋಗ್ಯವಾಗಿಯೇ ಇರುತ್ತಾರೆ, ಹೆಚ್ಚೆಂದರೆ ಸ್ವಲ್ಪ ರಕ್ತಹೀನತೆ. ಗಂಡ ಹೆಂಡತಿ ಇಬ್ಬರೂ ವಾಹಕರಾದರೆ? ಇಬ್ಬರ ಕೈಯಲ್ಲೂ ಒಂದು ಒಳ್ಳೆಯ ಚೀಟಿ, ಒಂದು ದೋಷದ ಚೀಟಿ ಇದ್ದಂತೆ. ಮಗು ಇಬ್ಬರಿಂದಲೂ ಒಂದೊಂದು ಎತ್ತುತ್ತದೆ. ನಾಲ್ಕರಲ್ಲಿ ಒಂದು ಪಾಲು ಕಾಯಿಲೆ, ಎರಡು ಪಾಲು ವಾಹಕ, ಒಂದು ಪಾಲು ಪೂರ್ತಿ ಸರಿ. “ಒಂದಕ್ಕೆ ಬಂತು, ಇನ್ನು ಮೂರಕ್ಕೆ ಬರೋಲ್ಲ” ಅನ್ನಬೇಡಿ. ಪ್ರತಿ ಬಸಿರಿಗೂ ಚೀಟಿ ಹೊಸದಾಗಿ ಎತ್ತಬೇಕು.

ಸೋದರಮಾವ ಮತ್ತು ಅಕ್ಕನ ಮಗಳ ನಡುವೆ ಸರಾಸರಿ ನಾಲ್ಕರಲ್ಲಿ ಒಂದು ಪಾಲು, ಅತ್ತೆ ಮಗಳು ಮಾವನ ಮಗನ ನಡುವೆ ಎಂಟರಲ್ಲಿ ಒಂದು ಪಾಲು ವಂಶವಾಹಿಗಳು ಒಂದೇ ಕಡೆಯಿಂದ ಬಂದಿರುತ್ತವೆ. ಆಸ್ತಿ ಹೊರಗೆ ಹೋಗಬಾರದು ಅಂತ ಒಳಗೇ ಮದುವೆ ಮಾಡುತ್ತೇವೆ. ಅಡಗಿದ ದೋಷವೂ ಒಳಗೇ ಉಳಿದು, ಎರಡು ಕಡೆಯಿಂದ ಬಂದು ಸೇರುವ ಸಂಭವ ಹೆಚ್ಚುತ್ತದೆ. ಎಲ್ಲರಿಗೂ ಹಾಗಾಗುವುದಿಲ್ಲ. ಸಂಬಂಧವೇ ಇಲ್ಲದವರಲ್ಲೂ ಇಬ್ಬರು ವಾಹಕರು ಮದುವೆಯಾಗಬಹುದು.

ನಾವು ಮಾಡಬೇಕಾದ್ದು:

1. ಮದುವೆಗೆ ಮುಂಚೆ ಹುಡುಗ, ಹುಡುಗಿ ಇಬ್ಬರಿಗೂ ‘ಹಿಮೋಗ್ಲೋಬಿನ್ ಎ2’ ರಕ್ತಪರೀಕ್ಷೆ ಮಾಡಿಸಿ. ಮದುವೆ ಆಗಿದ್ದರೆ ಈಗಲಾದರೂ ಮಾಡಿಸಿ.

2. ಕಾಯಿಲೆ ಇರುವ ಮಗುವಿಗೆ ರಕ್ತ ಹಾಕಿಸುವುದನ್ನು ತಪ್ಪಿಸಬೇಡಿ. ರಕ್ತ ಹಾಕಿಸಿದಂತೆಲ್ಲ ಮೈಯಲ್ಲಿ ಕಬ್ಬಿಣದ ಅಂಶ ತುಂಬುತ್ತದೆ. ಅದನ್ನು ತೆಗೆಯುವ ಔಷಧಿಯನ್ನು ಡಾಕ್ಟರು ಹೇಳಿದಂತೆ ಕೊಡಿ. ಅವರನ್ನು ಕೇಳದೆ ಕಬ್ಬಿಣದ ಮಾತ್ರೆ, ಟಾನಿಕ್ ಕೊಡಬೇಡಿ.

3. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಥಲಸ್ಸೀಮಿಯಾವೂ ಸೇರಿದೆ. ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ.

ನಾವು ಆ ಮನೆಗೆ ಹೋಗಿ, ನಾಲ್ಕು ಚೀಟಿ ಬರೆದು ಅಜ್ಜಿಯ ಕೈಯಲ್ಲೇ ಎತ್ತಿಸಿದೆವು. ಎರಡು ಸಲ ಎತ್ತಿ ನೋಡಿ, “ಹಂಗಾದ್ರೆ ನನ್ನ ಮಗನದ್ದೂ ಒಂದು ಪಾಲು ಇದೆ ಅನ್ನಿ” ಎಂದರು. ಈಗ ಮಗುವಿಗೆ ರಕ್ತ ಹಾಕಿಸಲು ಎತ್ತಿಕೊಂಡು ಹೋಗುವವರು ಅವರೇ. ಕಿರಿಯ ಮೊಮ್ಮಗಳ ಮದುವೆ ಮಾತು ಬಂದಾಗ “ಮೊದಲು ರಕ್ತ ಪರೀಕ್ಷೆ” ಎಂದವರೂ ಅವರೇ.

ಮುಂದಿನ ಸಭೆಯಲ್ಲಿ ನೀವೂ ಹೀಗೆ ಚೀಟಿ ಎತ್ತಿ ನೋಡಿ.