ಗೋಡೆ ಅಳೆಯೋದು ಆಮೇಲೆ

ಅಂಗಡಿಗೆ ಬರುವವರಲ್ಲಿ ಹೆಚ್ಚಿನವರು ಮೊದಲು ಹೇಳುವುದು ಗೋಡೆಯ ಅಳತೆ. “ಅಕ್ಕ, ಸೋಫಾ ಹಿಂದೆ ಆರಡಿ ಖಾಲಿ ಇದೆ. ಸೋಫಾ ಬೂದು ಬಣ್ಣ. ಅದಕ್ಕೆ ಒಪ್ಪೋ ಥರ ಪೇಂಟಿಂಗ್ ಎಲ್ಲಿ ಸಿಗುತ್ತೆ?” ನಾನು ಪೇಂಟಿಂಗ್ ಮಾರುವವಳಲ್ಲ. ಮೈಸೂರಿನಲ್ಲಿ ಫೋಟೋಗೆ, ದೇವರ ಪಟಕ್ಕೆ, ಚಿತ್ರಕ್ಕೆ ಕಟ್ಟು ಹಾಕಿಕೊಡುವವಳು. ಅಪ್ಪನಿಂದ ಬಂದ ಅಂಗಡಿ. ಆದರೂ ಈ ಪ್ರಶ್ನೆ ನಮ್ಮ ಬಳಿಗೇ ಬರುತ್ತದೆ. ಬರೆದವರನ್ನು ಬಿಟ್ಟರೆ ಚಿತ್ರದ ಬೆನ್ನು ನೋಡುವವರು ನಾವೇ ತಾನೆ.

ಬೂದು ಸೋಫಾ ಒಂದಲ್ಲ ಒಂದು ದಿನ ಮನೆಯಿಂದ ಹೊರಗೆ ಹೋಗುತ್ತದೆ, ಚಿತ್ರ ಉಳಿಯುತ್ತದೆ. ಆರಡಿ ತುಂಬಿಸಲೇಬೇಕೆಂದು ಹಟ ಹಿಡಿದರೆ, ಸಂಬಳದ ಜನರ ಕೈಗೆಟಕುವ ಬೆಲೆಗೆ ಸಿಗುವುದು ಸಾಮಾನ್ಯವಾಗಿ ಮೆಷಿನ್ ಪ್ರಿಂಟ್. ಅದೇ ದುಡ್ಡಿಗೆ ಒಂದಡಿ ಅಗಲದ ಅಸಲಿ ಜಲವರ್ಣವೋ, ಇದ್ದಿಲಿನ ಸ್ಕೆಚ್ಚೋ, ಎಚಿಂಗೋ ಬಂದೀತು. ದುಡ್ಡು ಕಡಿಮೆಯಿದ್ದರೆ ಚಿಕ್ಕದನ್ನು ತನ್ನಿ, ಕಾಗದದ ಮೇಲೆ ಮಾಡಿದ್ದನ್ನು ತನ್ನಿ. ಇದೊಂದೇ ನನ್ನ ವಾದ. ಚಿಕ್ಕದು ಅಂದರೆ ಸಣ್ಣ ಕೆಲಸ ಅಂತ ಯಾರು ಹೇಳಿದ್ದು? ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿರುವ ವೆಂಕಟಪ್ಪ ಗ್ಯಾಲರಿಗೆ ಹೋಗಿ ಕೆ. ವೆಂಕಟಪ್ಪನವರ ಊಟಿ, ಕೊಡೈಕೆನಾಲಿನ ಜಲವರ್ಣಗಳನ್ನು ನೋಡಿ. ಉಡುಪಿ ಹತ್ತಿರದ ಕಟ್ಟಿಂಗೇರಿಯ ಕೆ. ಕೆ. ಹೆಬ್ಬಾರರು ಕೆಲವೇ ಗೆರೆಯಲ್ಲಿ ಕುಣಿಯುವವರನ್ನು ನಿಲ್ಲಿಸಿದ್ದನ್ನು ನೋಡಿ. ಆಮೇಲೆ ಆರಡಿಯ ಮಾತಾಡೋಣ.

ಪ್ರಿಂಟನ್ನು ನಾನು ಕೀಳಾಗಿ ಕಾಣುವುದಿಲ್ಲ, ಕಂಡರೆ ನನ್ನ ಹೊಟ್ಟೆಪಾಡಿಗೇ ಅವಮಾನ. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಪ್ರೆಸ್ ಹಾಕಿದ ಮೇಲೆ ಲಕ್ಷ್ಮಿ, ಸರಸ್ವತಿಯರು ಅರಮನೆಯಿಂದ ಇಳಿದು ನಮ್ಮಂಥವರ ನಡುಮನೆಗೆ ಬಂದರು. ಆ ಓಲಿಯೋಗ್ರಾಫ್‌ಗಳು ಮುತ್ತಜ್ಜಿಯ ಕಾಲದ ಕಟ್ಟಿನ ಸಮೇತ ಇವತ್ತಿಗೂ ರಿಪೇರಿಗೆ ಬರುತ್ತವೆ. ತೈಲವರ್ಣದಂತೆ ಕಾಣಲಿ ಎಂದು ಮೇಲೆ ವಾರ್ನಿಷ್ ಬಳಿದಿರುತ್ತಾರೆ. ಅವು ಪ್ರಿಂಟ್ ಎಂದು ಕೊಂಡವರಿಗೂ ಗೊತ್ತಿತ್ತು, ಮಾರಿದವರಿಗೂ ಗೊತ್ತಿತ್ತು. ನಮ್ಮೂರಿನ ಇನ್ನೊಂದು ಚಿತ್ರದ ಕಥೆ ನೋಡಿ. ಜಗನ್ಮೋಹನ ಅರಮನೆಯಲ್ಲಿರುವ, ದೀಪಕ್ಕೆ ಕೈ ಅಡ್ಡ ಹಿಡಿದು ನಿಂತ ಹೆಂಗಸಿನ ಚಿತ್ರ ಎಸ್. ಎಲ್. ಹಲ್ದಣಕರ್ ಅವರದು, ಮಾಡಿದ್ದು ಜಲವರ್ಣದಲ್ಲಿ. ಅದರ ನಕಲಿಗೆ ಕಟ್ಟು ಹಾಕಿಸಲು ಬರುವವರಲ್ಲಿ ಎಷ್ಟೋ ಜನ ಅದನ್ನು ರವಿವರ್ಮನ ಆಯಿಲ್ ಪೇಂಟಿಂಗ್ ಅಂದುಕೊಂಡಿರುತ್ತಾರೆ. ನಕಲು ನೋಡಿ ನೋಡಿ, ಅಸಲಿ ಯಾರದು, ಯಾವುದರಲ್ಲಿ ಮಾಡಿದ್ದು ಎಂಬುದೇ ಮರೆತುಹೋಗಿದೆ.

ಸಿಟ್ಟು ಬರುವುದು ಪ್ರಿಂಟನ್ನು ‘ಹ್ಯಾಂಡ್‌ಮೇಡ್’ ಎಂದು ಮಾರಿದಾಗ. ಈಗ ಇದಕ್ಕೊಂದು ಉಪಾಯವಿದೆ. ಕ್ಯಾನ್ವಾಸಿನ ಮೇಲೆ ಪ್ರಿಂಟ್ ತೆಗೆದು, ಅದರ ಮೇಲೆ ಬಣ್ಣವಿಲ್ಲದ ಜೆಲ್ಲನ್ನು ಬ್ರಷ್‌ನಲ್ಲಿ ಸವರುತ್ತಾರೆ. ಬೆರಳಿಗೆ ಉಬ್ಬು ಸಿಗುತ್ತದೆ, ಕೊಳ್ಳುವವರಿಗೆ ಸಮಾಧಾನವಾಗುತ್ತದೆ. ಮೊಬೈಲಿನ ಟಾರ್ಚನ್ನು ಪಕ್ಕದಿಂದ, ಓರೆಯಾಗಿ ಹಿಡಿದು ನೋಡಿ. ಕೈಯಲ್ಲಿ ಬರೆದದ್ದಾದರೆ ಬಣ್ಣ ಹೋದ ಕಡೆಗೇ ಉಬ್ಬೂ ಹೋಗಿರುತ್ತದೆ. ಎಲೆ ಎಳೆದ ಬ್ರಷ್ ಎಲೆಯ ತುದಿಯಲ್ಲಿ ನಿಂತಿರುತ್ತದೆ. ಜೆಲ್ ಸವರಿದ್ದಾದರೆ ಎಲೆ ಒಂದು ಕಡೆ, ಉಬ್ಬು ಇನ್ನೊಂದು ಕಡೆ. ಭೂತಗನ್ನಡಿ ಇಟ್ಟರೆ ಪ್ರಿಂಟಿನ ಚುಕ್ಕಿಗಳೂ ಕಾಣುತ್ತವೆ. ಆಮೇಲೆ ತಿರುಗಿಸಿ. ಬರೆದ ಕ್ಯಾನ್ವಾಸಿನ ಅಂಚಿನಲ್ಲಿ ಬಣ್ಣ ಒರೆಸಿದ ಗುರುತು, ಹಿಂದೆ ಬೆರಳಚ್ಚು, ಪೆನ್ಸಿಲ್ಲಿನಲ್ಲಿ ಏನೋ ಲೆಕ್ಕ, ಎಲ್ಲಾದರೂ ಒಂದು ಕಡೆ ಇದ್ದೇ ಇರುತ್ತದೆ. ತೀರಾ ಚೊಕ್ಕಟವಾದ ಬೆನ್ನು ಕಂಡರೆ ನನಗೆ ಗುಮಾನಿ.

ಎಚಿಂಗ್, ವುಡ್‌ಕಟ್, ಲಿಥೋಗ್ರಾಫ್ ಇವು ಪ್ರಿಂಟೇ ಆದರೂ ಜಾತಿ ಬೇರೆ. ಎಚಿಂಗ್ ಮಾಡುವವರು ತಾಮ್ರದ ಅಥವಾ ಸತುವಿನ ತಗಡಿನ ಮೇಲೆ ತಾವೇ ಗೆರೆ ಕೊರೆದು, ಆಸಿಡ್ಡಿನಲ್ಲಿ ತಿನ್ನಿಸಿ, ಇಂಕು ತುಂಬಿ, ಒದ್ದೆ ಕಾಗದಕ್ಕೆ ಒಂದೊಂದಾಗಿ ಒತ್ತಿ ತೆಗೆಯುತ್ತಾರೆ. ಕಾಗದದಲ್ಲಿ ತಗಡಿನ ಅಂಚು ಒತ್ತಿದ ತಗ್ಗು ಬೆರಳಿಗೆ ಸಿಗುತ್ತದೆ. ಚಿತ್ರದ ಕೆಳಗೆ ಪೆನ್ಸಿಲ್ಲಿನಲ್ಲಿ 7/25 ಎಂದು ಬರೆದಿದ್ದರೆ, ತೆಗೆದ ಇಪ್ಪತ್ತೈದು ಪ್ರತಿಯಲ್ಲಿ ಇದು ಏಳನೆಯದು ಎಂದರ್ಥ. ಎ/ಪಿ ಎಂದಿದ್ದರೆ ಕಲಾವಿದರು ತಮಗೆಂದು ತೆಗೆದುಕೊಂಡ ಪ್ರತಿ. ಒಂದೇ ತಗಡಿನಿಂದ ಹಲವು ಬರುವುದರಿಂದ ಬೆಲೆ ಇಳಿದಿರುತ್ತದೆ, ಆದರೆ ಒಂದೊಂದೂ ಅಸಲಿಯೇ. ಮೊದಲ ಸಲ ಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯ ವ್ಯಾಪಾರ ನನಗೆ ಗೊತ್ತಿಲ್ಲ. ಆದರೂ ನಮ್ಮ ಜನ ಕಪ್ಪು ಬಿಳುಪು ಎಂದ ಕೂಡಲೇ ಮುಖ ಸಿಂಡರಿಸುತ್ತಾರೆ, ಅದೇನು ಅಪಶಕುನವೋ!

ಮೈಸೂರು ಶೈಲಿಯ ಚಿತ್ರ ಕೊಳ್ಳುವವರೂ ಟಾರ್ಚ್ ಮರೆಯಬೇಡಿ. ತಂಜಾವೂರಿನದರಲ್ಲಿ ಉಬ್ಬು ದಪ್ಪ, ನಡುವೆ ಕಲ್ಲು ಕೂರಿಸಿರುತ್ತಾರೆ. ನಮ್ಮದರಲ್ಲಿ ಉಬ್ಬು ಎಬ್ಬಿಸುವ ಜೆಸ್ಸೋ ಕೆಲಸ ತೆಳು. ದೇವಿಯ ಸರ, ಸೀರೆಯ ಅಂಚು, ಮಂಟಪದ ಕುಸುರಿ ಎಲ್ಲ ಸಣ್ಣ ಉಬ್ಬಿನಲ್ಲಿ ಎದ್ದು, ಅದರ ಮೇಲೆ ಚಿನ್ನದ ರೇಕು ಕೂತಿರುತ್ತದೆ. ಚಿನ್ನ ನಿಜವಾದದ್ದೋ ಎಂದು ಬಾಯಿಬಿಟ್ಟು ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಅಗ್ಗದ ಹಿತ್ತಾಳೆಯ ರೇಕು ಬರುಬರುತ್ತಾ ಕಪ್ಪಾಗುತ್ತದೆ, ಚಿನ್ನ ಕಪ್ಪಾಗುವುದಿಲ್ಲ. ಸಾಗರದ ಕಡೆಯ ದೀವರ ಹೆಂಗಸರ ಹಸೆ ಚಿತ್ತಾರ ಇಷ್ಟವಾದರೆ ಇನ್ನೊಂದು ದಾರಿಯೂ ಇದೆ. ಅದು ಮೊದಲಿನಿಂದ ಗೋಡೆಯ ಕಲೆ. ಕೆಮ್ಮಣ್ಣು ಸಾರಿಸಿದ ಗೋಡೆಗೆ ಅಕ್ಕಿಯ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಬ್ರಷ್ಷಿಗೆ ಪುಂಡಿ ನಾರು. ಸ್ವಂತ ಮನೆಯಾದರೆ ಬರೆಯುವವರನ್ನೇ ಕರೆಸಿ ಒಂದು ಗೋಡೆ ಬಿಟ್ಟುಕೊಡಿ. ಆರಡಿ ಬೇಕೆನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಎಲ್ಲಿ ಕೊಳ್ಳುವುದು? ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ ಎಲ್ಲರಿಗೂ ಗೊತ್ತು. ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ವಾಹನ ನಿಲ್ಲಿಸಿ, ಬೇರೆ ಬೇರೆ ರಾಜ್ಯದ ಕಲಾವಿದರು ರಸ್ತೆಬದಿಯಲ್ಲೇ ಚಿತ್ರ ಇಟ್ಟು ಕೂರುತ್ತಾರೆ. ಬೆಳಿಗ್ಗೆ ಬೇಗ ಹೋಗಿ. ಮಧ್ಯಾಹ್ನದ ಹೊತ್ತಿಗೆ ಚಿತ್ರ ಕಾಣುವುದಿಲ್ಲ, ತಲೆ ಕಾಣುತ್ತದೆ. ನನ್ನ ಒಲವು ಮಾತ್ರ ಕಲಾಶಾಲೆಗಳ ವಾರ್ಷಿಕ ಪ್ರದರ್ಶನದ ಕಡೆ. ನಮ್ಮ ಕಾವಾದಲ್ಲಿ, ಅಂದರೆ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ, ಹುಡುಗ ಹುಡುಗಿಯರು ಚಿತ್ರದ ಪಕ್ಕದಲ್ಲೇ ನಿಂತಿರುತ್ತಾರೆ. ಕೇಳಿದರೆ ಇದನ್ನು ಯಾಕೆ ಹೀಗೆ ಮಾಡಿದೆ ಎಂದು ಹೇಳುತ್ತಾರೆ, ಗೋಡೆಗೆ ಹಾಕದ ಸ್ಕೆಚ್ ಪುಸ್ತಕವನ್ನೂ ತೆರೆದು ತೋರಿಸುತ್ತಾರೆ. ಎಷ್ಟೋ ಸಲ ಕೊಳ್ಳಬೇಕಾದ್ದು ಆ ಪುಸ್ತಕದೊಳಗೆ ಇರುತ್ತದೆ. ನಾಳೆ ಇವರ ಬೆಲೆ ಏರುತ್ತದಾ ಎಂದು ಕೇಳುವವರಿಗೆ ನನ್ನ ಬಳಿ ಉತ್ತರವಿಲ್ಲ, ಸೈಟು ಕೊಳ್ಳಿ.

ಕಾಗದದ ಚಿತ್ರವನ್ನು ಕೆಡಿಸುವವರಲ್ಲಿ ಮೊದಲಿಗರು ನಮ್ಮ ಕಸುಬಿನವರೇ. ಚಿತ್ರಕ್ಕೆ ಗಾಜು ತಾಗಿಸಿ ಕೂರಿಸಿದರೆ ಮಳೆಗಾಲದ ತೇವಕ್ಕೆ ಬಣ್ಣ ಗಾಜಿಗೆ ಅಂಟುತ್ತದೆ, ಬಿಡಿಸಲು ಹೋದರೆ ಕಿತ್ತುಬರುತ್ತದೆ. ಚಿತ್ರದ ಸುತ್ತ ಬೋರ್ಡಿನ ಮೌಂಟ್ ಹಾಕುವುದು ಚೆಂದಕ್ಕಷ್ಟೇ ಅಲ್ಲ, ಗಾಜನ್ನು ದೂರ ಇಡುವುದಕ್ಕೆ. ಆ ಮೌಂಟ್ ಆಸಿಡ್ ಇಲ್ಲದ ಬೋರ್ಡಿನದಾಗಿರಬೇಕು. ಅಗ್ಗದ ಬೋರ್ಡು ಕೆಲವು ವರ್ಷಕ್ಕೆ ಚಿತ್ರದ ಸುತ್ತ ಕಂದು ಗೆರೆ ಬಿಡುತ್ತದೆ, ಅದನ್ನು ತೆಗೆಯುವುದು ನಮ್ಮ ಕೈಯಲ್ಲಿ ಆಗುವ ಕೆಲಸವಲ್ಲ. ಸೆಲೋಟೇಪ್ ಹಚ್ಚಲು ಬಿಡಬೇಡಿ. ಚಿತ್ರವನ್ನು ಬೋರ್ಡಿಗೆ ಫೆವಿಕಾಲ್ ಬಳಿದು ಪೂರ್ತಿ ಅಂಟಿಸುತ್ತೇನೆ ಎಂದವರ ಅಂಗಡಿಯಿಂದ ಚಿತ್ರ ಎತ್ತಿಕೊಂಡು ಬನ್ನಿ. ಮೇಲಂಚಿನಲ್ಲಿ ಎರಡು ಕಡೆ ತೆಳು ಕಾಗದದ ಪಟ್ಟಿಯನ್ನು ಗೋಧಿ ಪಿಷ್ಟದ ಅಂಟಿನಿಂದ ಹಚ್ಚಿ ನೇತುಹಾಕಿದರೆ ಸಾಕು, ಬೇಕೆಂದಾಗ ನೀರು ಸೋಕಿಸಿ ಬಿಡಿಸಬಹುದು. ಕಟ್ಟಿನ ಹಿಂದೆ ಕೆಳಗಿನ ಎರಡು ಮೂಲೆಗೆ ಕಾರ್ಕಿನ ಚೂರು ಅಂಟಿಸಿಕೊಂಡರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿಯಾಡುತ್ತದೆ, ಬೂಷ್ಟು ಕಡಿಮೆ. ಕ್ಯಾನ್ವಾಸಿನ ತೈಲವರ್ಣಕ್ಕೆ ಗಾಜೇ ಬೇಡ. ಕಟ್ಟಿನ ಖರ್ಚು ಕೆಲವೊಮ್ಮೆ ಚಿತ್ರದ ಬೆಲೆಯನ್ನೇ ಮೀರುತ್ತದೆ. ಇದನ್ನು ಹೇಳಿದರೆ ಸ್ವಂತ ಲಾಭಕ್ಕೆ ಹೇಳಿದೆ ಅಂತೀರಿ, ಅದೂ ನಿಜವೇ.

ಗೃಹಪ್ರವೇಶದ ದಿನವೇ ಮೊಳೆ ಹೊಡೆಯುವ ಆತುರ ಬೇಡ. ಹೊಸ ಗಾರೆ ಬಹಳ ದಿನ ತೇವ ಹಿಡಿದಿರುತ್ತದೆ, ಒಂದು ಮಳೆಗಾಲ ಕಳೆಯಲಿ. ಬಚ್ಚಲಿನ ಗೋಡೆಯ ಹಿಂಬದಿ, ಸಂಜೆ ಬಿಸಿಲು ನೇರವಾಗಿ ಬೀಳುವ ಗೋಡೆ ಜಲವರ್ಣಕ್ಕೆ ಆಗದು. ಇನ್ನು ಎತ್ತರ. ಹಳೇ ಮನೆಗಳಲ್ಲಿ ಹಿರಿಯರ ಫೋಟೋವನ್ನು ತೊಲೆಯ ಹತ್ತಿರ, ಮುಂದಕ್ಕೆ ಬಾಗಿಸಿ ದಾರ ಕಟ್ಟಿ ಹಾಕುತ್ತಿದ್ದರು. ಅಭ್ಯಾಸ ಉಳಿದುಬಿಟ್ಟಿದೆ, ಚಿತ್ರವನ್ನೂ ಅಲ್ಲೇ ಏರಿಸುತ್ತಾರೆ. ಚಿತ್ರದ ನಡುಭಾಗ ನೆಲದಿಂದ ಐದಡಿಯ ಆಸುಪಾಸು ಇರಲಿ, ಕೂತು ನೋಡುವ ಜಾಗವಾದರೆ ಇನ್ನೂ ಕೆಳಗೆ.

ಒಬ್ಬರು ಚೆಂದದ ಜಲವರ್ಣ ತಂದು, “ಬಲಗಡೆ ಎರಡಿಂಚು ಕತ್ತರಿಸಿಬಿಡಿ ಅಕ್ಕ, ಮನೇಲಿರೋ ಫ್ರೇಮಿಗೆ ಸರಿಹೋಗುತ್ತೆ” ಅಂದರು. ಆ ಎರಡಿಂಚಿನಲ್ಲೇ ಸಹಿ ಇತ್ತು! ದುಡ್ಡು ಕೊಟ್ಟ ಮೇಲೆ ನಮ್ಮದಲ್ಲವೇ ಎಂಬುದು ಅವರ ವಾದ. ಕಾಗದ ಅವರದು, ನಿಜ. ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಂ ಪ್ರಕಾರ, ಮಾರಿದ ಮೇಲೂ ತನ್ನ ಕೃತಿಯನ್ನು ವಿರೂಪಗೊಳಿಸಿದರೆ ಕೇಳುವ ಹಕ್ಕು ಕಲಾವಿದರಿಗಿದೆ. ದೆಹಲಿಯ ವಿಜ್ಞಾನ ಭವನದ ಗೋಡೆಯಲ್ಲಿದ್ದ ಅಮರನಾಥ ಸೆಹಗಲ್ ಅವರ ದೊಡ್ಡ ಲೋಹಶಿಲ್ಪವನ್ನು ನವೀಕರಣದ ಹೆಸರಿನಲ್ಲಿ ಕಿತ್ತು ಗೋದಾಮಿಗೆ ಹಾಕಿದ್ದರು. 2005ರಲ್ಲಿ ದೆಹಲಿ ಹೈಕೋರ್ಟ್ ಅದರ ಅವಶೇಷವನ್ನು ಶಿಲ್ಪಿಗೆ ಹಿಂದಿರುಗಿಸಿ, ಐದು ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಸರ್ಕಾರಕ್ಕೇ ಹೇಳಿತು. ಕೊಂಡ ಚಿತ್ರವನ್ನು ಕಂಪನಿಯ ಕ್ಯಾಲೆಂಡರಿಗೆ ಅಚ್ಚು ಹಾಕಿಸುವುದಕ್ಕೂ ಬೇರೆ ಒಪ್ಪಿಗೆ ಬೇಕು. ಅವರ ಚಿತ್ರವನ್ನು ಕತ್ತರಿಸದೆ, ಕಟ್ಟನ್ನೇ ಬಿಚ್ಚಿ ಪಟ್ಟಿ ಸೇರಿಸಿ ದೊಡ್ಡದು ಮಾಡಿಕೊಟ್ಟೆ.

ಬೆಲೆ ಇಳಿಸಿ ಎಂದು ಕೇಳಬಾರದೇ? ಕೇಳಿ, ಎರಡು ಚಿತ್ರ ಕೊಳ್ಳುವಾಗ ಕೇಳಿ. ಅರ್ಧಕ್ಕೆ ಕೇಳಬೇಡಿ, ತರಕಾರಿಯನ್ನೂ ನಾವೀಗ ಹಾಗೆ ಕೇಳುವುದಿಲ್ಲ. ಚೀಟಿಯ ಮೇಲೆ ಕಲಾವಿದರ ಹೆಸರು, ಚಿತ್ರದ ಹೆಸರು, ವರ್ಷ, ಅಳತೆ, ಯಾವ ಬಣ್ಣ, ಯಾವ ಕಾಗದ ಎಂದು ಬರೆಸಿ ಸಹಿ ಹಾಕಿಸಿ, ಅದರ ಒಂದು ಪ್ರತಿಯನ್ನು ಕಟ್ಟಿನ ಬೆನ್ನಿಗೆ ಅಂಟಿಸಲು ನಮಗೆ ಕೊಡಿ. ಕಲಾವಿದರ ಫೋನ್ ನಂಬರೂ ಅದರಲ್ಲಿರಲಿ. ಮುಂದೆ ಗಾಜು ಒಡೆದೋ ಬೂಷ್ಟು ಹಿಡಿದೋ ಚಿತ್ರ ವಾಪಸು ಬಂದಾಗ, ಇದಕ್ಕೆ ಮೇಲೆ ವಾರ್ನಿಷ್ ಹಾಕಿದ್ದೀರಾ ಎಂದು ನಾನು ಅವರನ್ನೇ ಕೇಳಬೇಕಾಗುತ್ತದೆ.