ಸಮಾಜಶಾಸ್ತ್ರದ ಪಿಎಚ್.ಡಿ.: ಮಾರ್ಗದರ್ಶಕರ ಆಯ್ಕೆ

ಪುಣೆಯ ಸದಾಶಿವ ಪೇಠದಲ್ಲಿ ಕೊಠಡಿ ಹಿಡಿದು ಓದುವ ಕನ್ನಡ ವಿದ್ಯಾರ್ಥಿಗಳು ಸಮಾಜಶಾಸ್ತ್ರದ ಪಿಎಚ್.ಡಿ. ಕುರಿತು ನಮ್ಮನ್ನು ಮೊದಲು ಕೇಳುವುದು ‘ಯಾವ ವಿಶ್ವವಿದ್ಯಾಲಯ ಮೇಲು?’ ಎಂದು. ‘ಯಾರ ಬಳಿ?’ ಎಂದು ಕೇಳುವುದೇ ಯುಕ್ತ.

ಎಂ.ಎನ್. ಶ್ರೀನಿವಾಸರು ಕೊಡವರನ್ನು ಕುರಿತು ಮುಂಬಯಿಯಲ್ಲಿ ಜಿ.ಎಸ್. ಘುರ್ಯೆಯವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಪಡೆದರು. ಅನಂತರ ಆಕ್ಸ್‌ಫರ್ಡಿನಲ್ಲಿ ರಾಡ್‌ಕ್ಲಿಫ್-ಬ್ರೌನರ ಸೂಚನೆಯಂತೆ ಅದೇ ಸಾಮಗ್ರಿಯನ್ನು ಮರಳಿ ಪರಿಶೀಲಿಸಿದಾಗ, ಆಚರಣೆಯು ಸಮಾಜವನ್ನು ಹೇಗೆ ಹಿಡಿದಿಡುತ್ತದೆ ಎಂಬ ಪ್ರಶ್ನೆ ಮುನ್ನೆಲೆಗೆ ಬಂದಿತು. 1952ರಲ್ಲಿ ಪ್ರಕಟವಾದ ಅವರ ಪ್ರಸಿದ್ಧ ಗ್ರಂಥ ಈ ಮರುಬರವಣಿಗೆಯ ಫಲ.

ಯುಜಿಸಿಯ 2022ರ ನಿಯಮಾವಳಿಯಂತೆ ಪ್ರಾಧ್ಯಾಪಕರು ಏಕಕಾಲದಲ್ಲಿ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಮಂದಿಗೆ ಮಾತ್ರ ಮಾರ್ಗದರ್ಶನ ನೀಡಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಅವಧಿ ಉಳಿದವರು ಹೊಸಬರನ್ನು ಸೇರಿಸಿಕೊಳ್ಳುವಂತಿಲ್ಲ. ಆದ್ದರಿಂದ ಅರ್ಜಿಗೆ ಮುನ್ನ ತೆರವು ಸ್ಥಾನಗಳನ್ನು ವಿಭಾಗದಲ್ಲಿ ವಿಚಾರಿಸತಕ್ಕದ್ದು. 2024ರಿಂದ ನೆಟ್ ಅಂಕಗಳ ಮೂಲಕವೂ ಪ್ರವೇಶವುಂಟು, ಆದರೆ ಜೆ.ಆರ್.ಎಫ್. ದೊರೆಯದವರಿಗೆ ಆ ಅಂಕಗಳ ಮಾನ್ಯತೆ ಒಂದೇ ವರ್ಷ. ವಿಳಂಬಿಸಿದರೆ ಪರೀಕ್ಷೆಯನ್ನೇ ಮತ್ತೆ ಬರೆಯಬೇಕಾದೀತು.

ಭಾಷೆಯ ಲೆಕ್ಕವೂ ಇದೆ. ಮೈಲಾರ-ಖಂಡೋಬರ ಭಕ್ತಸಮುದಾಯಗಳನ್ನು ಅಧ್ಯಯನ ಮಾಡುವವರಿಗೆ ಕನ್ನಡ, ಮರಾಠಿ ಎರಡೂ ಬೇಕು. ಪೇಶ್ವೆ ಕಾಲದ ದಾಖಲೆಗಳಿಗೆ ಇಳಿದರೆ ಮೋಡಿ ಲಿಪಿ ಅನಿವಾರ್ಯ; ಅಂಥ ಸಂಗ್ರಹವುಳ್ಳ, 1910ರಲ್ಲಿ ಸ್ಥಾಪಿತವಾದ ಭಾರತ ಇತಿಹಾಸ ಸಂಶೋಧಕ ಮಂಡಳ ಇದೇ ಪೇಠದಲ್ಲಿದೆ. (ಮಧ್ಯಕಾಲೀನ ಸಾಹಿತ್ಯದವರಾದ ನಮಗೆ ಹಳೆಯ ಕಾಗದಗಳ ಮೋಹ ತುಸು ಹೆಚ್ಚೆಂಬುದನ್ನು ಒಪ್ಪುತ್ತೇವೆ.) ಕನ್ನಡ ಆಕರಗಳನ್ನು ಓದಬಲ್ಲ ಸಹಮಾರ್ಗದರ್ಶಕರು ದೊರೆಯುವರೇ ಎಂಬುದನ್ನು ಮಾತ್ರ ಸಂಶೋಧನ ಪ್ರಸ್ತಾವ ಸಲ್ಲಿಸುವ ಮೊದಲೇ ಖಚಿತಪಡಿಸಿಕೊಳ್ಳಬೇಕು.